ಎಂಟು ಮಂದಿಯ ವ್ಯಾಕರಣ

ಶಾಲೆಯವರು ಕೊಟ್ಟ ಚೀಟಿಯನ್ನು ಅಮೀನಪ್ಪ ಮೂರು ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಿರುಗಿದ. ಅಷ್ಟರಲ್ಲಿ ಅದಕ್ಕೆ ಬೆವರು ಹತ್ತಿತು, ಸಿಮೆಂಟು ಹತ್ತಿತು, ಒಮ್ಮೆ ಚಹಾ ಕೂಡ ಚೆಲ್ಲಿತು. ನಾಲ್ಕನೇ ದಿನ ಬಟ್ಟೆ ಒಗೆಯಲು ಕೂತ ಅವನ ಹೆಂಡತಿ ಹುಲಿಗೆವ್ವನ ಕೈಗೆ ಅದು ಸಿಕ್ಕಿತು.

“ಏನ್ರಿ ಇದು?”

“ನಂದಾನ ಹೊಸಾ ಸಾಲಿಯವ್ರು ಕೊಟ್ಟಾರ.”

“ಯಾವಾಗ?”

“ಸೋಮವಾರ.”

“ಇವತ್ತ ಗುರುವಾರ! ಏನ್ ಬರದಾರ ಇದರಾಗ?”

“ಅದು ಗೊತ್ತಿದ್ರ ಜೇಬಿನ್ಯಾಗ ಇಟ್ಕೊಂಡು ಯಾಕ ತಿರಗತಿದ್ದೆ?”

ಅದು ಎರಡು ಸಾವಿರದ ಆರನೇ ಇಸವಿಯ ಮೇ ತಿಂಗಳು. ಗೋವಾದ ಝುವಾರಿನಗರದ ತಗಡಿನ ಮನೆಗಳು ಬೆಳಿಗ್ಗೆ ಒಂಬತ್ತಕ್ಕೇ ಕಾದ ಹಂಚಿನಂತಾಗುತ್ತಿದ್ದವು. ಇವರ ಒಬ್ಬಳೇ ಮಗಳು ನಂದಾ ಅಲ್ಲೇ ಮರಾಠಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಪಾಸಾಗಿದ್ದಳು. ಐದರಿಂದ ಎಲ್ಲವೂ ಇಂಗ್ಲಿಷು. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಹೈಸ್ಕೂಲು ಇತ್ತು. ಅಲ್ಲಿ ಸೀಟು ಸಿಗದಿದ್ದರೆ ಏನು ಎಂಬುದನ್ನು ಮುದ್ದೇಬಿಹಾಳದ ಕಡೆಯ ಹಳ್ಳಿಯಲ್ಲಿದ್ದ ಅಮೀನಪ್ಪನ ತಾಯಿ ಆಗಲೇ ಫೋನಿನಲ್ಲಿ ತೀರ್ಮಾನಿಸಿದ್ದಳು. ಹುಡುಗಿಯನ್ನು ಊರಿಗೆ ಕಳಿಸುವುದು, ಅವಳು ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆಗೆ ಹೋಗುವುದು. ಅಮೀನಪ್ಪ ಫೋನಿನಲ್ಲಿ ಹೂಂ ಅಂದಿದ್ದ. ತಾಯಿಗೆ ಅವನು ಬೇರೆ ಏನನ್ನೂ ಅಂದವನಲ್ಲ. ಹುಲಿಗೆವ್ವ ಹೂಂ ಅಂದಿರಲಿಲ್ಲ. ಹತ್ತು ವರ್ಷ ಬೆನ್ನಿಗೆ ಅಂಟಿಕೊಂಡು ಮಲಗಿದ ಹುಡುಗಿಯನ್ನು ಇನ್ನು ಮೇಲೆ ದಸರೆಗೊಮ್ಮೆ, ಯುಗಾದಿಗೊಮ್ಮೆ ನೋಡುವುದೆಂದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಹಾಗಾಗಿ ನೀರಿಗೆ ಬೀಳುವ ಮೊದಲೇ ಚೀಟಿಯನ್ನು ಎತ್ತಿಟ್ಟು, ಮರುದಿನ ಕೆಲಸಕ್ಕೆ ಹೋಗುವಾಗ ಸೆರಗಿಗೆ ಕಟ್ಟಿಕೊಂಡು ಹೋದಳು.

ವೆರ್ಣಾದ ದಾರಿಯಲ್ಲಿ ಮೂರು ಮಾಳಿಗೆಯ ಒಂದು ಕಟ್ಟಡ ಏಳುತ್ತಿತ್ತು. ಇವರ ಗ್ಯಾಂಗಿನ ಮುಕಾದಮ ಮೈಬೂಬಸಾಬ. ಇಪ್ಪತ್ತೆರಡು ವರ್ಷದಿಂದ ಊರ ಕಡೆಯ ಮಂದಿಯನ್ನು ಕರೆತಂದು ಕೆಲಸಕ್ಕೆ ಹಚ್ಚುವವನು ಅವನೇ. ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾಗಿದ್ದ, ಎರಡೂ ಸಲ ಇಂಗ್ಲಿಷಿನಲ್ಲೇ. ಆದ್ದರಿಂದ ಗ್ಯಾಂಗಿನಲ್ಲಿ ಇಂಗ್ಲಿಷು ಎಲ್ಲರಿಗಿಂತ ಎರಡು ಪಟ್ಟು ಓದಿದವನು ಅವನೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ಚಹಾದ ಹೊತ್ತಿಗೆ ಮೈಬೂಬಸಾಬ ಚೀಟಿಯನ್ನು ಬಿಸಿಲಿಗೆ ಹಿಡಿದು ಓದಿದ.

“ಬುಧವಾರ ಹತ್ತಕ್ಕ ಬರ್ರಿ ಅಂದಾರ. ಹುಡಿಗೀನೂ ಕೇಳ್ತಾರ, ತಂದಿತಾಯೀನೂ ಕೇಳ್ತಾರ. ಮನ್ಯಾಗ ಅಭ್ಯಾಸ ಮಾಡಸಾಕ ಬರಬೇಕಂತ. ಇಂಗ್ಲಿಷಿನ ಪಾರ್ಟ್ಸ್ ಆಫ್ ಸ್ಪೀಚ್ ಗೊತ್ತಿರಬೇಕಂತ.”

“ಅಂದ್ರೇನ್ರಿ ಕಾಕಾ?” ಹುಲಿಗೆವ್ವ ಕೇಳಿದಳು.

“ಮಾತಿನ ಭಾಗ. ಎಂಟು ಇರ್ತಾವ.”

“ಎಂಟು!” ಅಮೀನಪ್ಪ ಚಹಾದ ಗ್ಲಾಸು ಕೆಳಗಿಟ್ಟ. ಅವನು ಗ್ಯಾಂಗಿನ ಹಿರಿಯ ಗೌಂಡಿ, ಗೋಡೆ ಕಟ್ಟುವವನು. “ಬುಧವಾರದೊಳಗ ಎಂಟು ಯಾರ ಕಲೀತಾರ? ಮಳಿ ಬರೂದರಾಗ ಸ್ಲ್ಯಾಬ್ ಬ್ಯಾರೆ ಮುಗೀಬೇಕು. ಬಿಡು, ಊರಾಗ ಅವ್ವ ಅದಾಳ.”

“ನೀವು ಸುಮ್ನ ಕುಂದರ್ರಿ,” ಎಂದಳು ಹುಲಿಗೆವ್ವ. “ಕಾಕಾ, ಇದಕ್ಕೊಂದು ದಾರಿ ಹೇಳ್ರಿ.”

ಮೈಬೂಬಸಾಬ ಬೀಡಿ ಹಚ್ಚಿ ಕೆಲಸವನ್ನು ನೋಡಿದ, ತಲೆಗಳನ್ನು ನೋಡಿದ. ಯಾವ ಕೆಲಸ ಬಂದರೂ ಅವನಿಗೆ ಗೊತ್ತಿದ್ದ ಪದ್ಧತಿ ಒಂದೇ. ಕೆಲಸವನ್ನು ತುಂಡು ಮಾಡು, ತಲೆಗೊಂದು ತುಂಡು ಕೊಡು, ಸಂಜೆಗೆ ಮುಗಿಸು. ಗೋಡೆಯಾಗಲಿ, ಬಾವಿಯಾಗಲಿ, ಮದುವೆಯ ಅಡುಗೆಯಾಗಲಿ, ಹಾಗೆಯೇ ಮುಗಿದಿತ್ತು. ಇಂಗ್ಲಿಷು ಬೇರೆ ಎಂದುಕೊಳ್ಳಲು ಅವನಿಗೆ ಕಾರಣ ಕಾಣಲಿಲ್ಲ.

“ಭಾಗ ಎಂಟು,” ಎಂದ. “ಗ್ಯಾಂಗಿನ್ಯಾಗ ಮಂದಿ ಎಷ್ಟು?”

ಎಣಿಸಿದರು. ಎಂಟು.

“ಮತ್ತ? ಅಳಾಕ ಏನಾಗೇತಿ? ಒಬ್ಬೊಬ್ರು ಒಂದೊಂದು ಹಿಡೀರಿ.”

ಇದರಲ್ಲಿ ಏನೋ ಎಡವಟ್ಟಿದೆ ಎಂದು ಯಾರಿಗೂ ಅನಿಸಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಮಂದಿ ಹತ್ತು ವರ್ಷ ಶಾಲೆಗೆ ಹೋಗುತ್ತಾರಲ್ಲ ಎಂದು ಮಾತ್ರ ಅನಿಸಿತು.

ಅವತ್ತೇ ಸಂಜೆ ಮೈಬೂಬಸಾಬ ವಾಸ್ಕೋದ ರದ್ದಿ ಅಂಗಡಿಯಿಂದ ಒಂದು ವ್ಯಾಕರಣದ ಪುಸ್ತಕ ತಂದ. ರಟ್ಟು ಇರಲಿಲ್ಲ, ಮೊದಲಿನ ಹಾಳೆಗಳೂ ಇರಲಿಲ್ಲ. ಉಳಿದದ್ದನ್ನು ಅವನು ಬ್ಲೇಡಿನಿಂದ ಎಂಟು ತುಂಡು ಮಾಡಿ, ಬೆಳಿಗ್ಗೆ ಹಾಜರಿಯ ಹೊತ್ತಿಗೆ ಹಂಚಿದ.

“ಇದು ನೌನ್. ಮನಿಷ್ಯಾರ ಹೆಸರು, ಊರ ಹೆಸರು, ಸಾಮಾನಿನ ಹೆಸರು. ಅಮೀನಪ್ಪ, ನೀ ತಗೋ. ಯಾವ ಸಾಮಾನು ಎಲ್ಲಿ ಬಿದ್ದೈತಿ ಅನ್ನೂದು ನಿನಗ ಪಾಠ ಐತಿ.”

ಮೊದಲನೆಯ ಭಾಗವೇ ತನಗೆ ಬಂದದ್ದಕ್ಕೆ ಅಮೀನಪ್ಪ ಮೀಸೆಯ ಮೇಲೆ ಕೈ ಹಾಕಿದ.

“ಇದು ವರ್ಬ್. ಕೆಲಸಾ ತೋರಸೂ ಮಾತು.”

“ಕೆಲಸಾ ಅಂದ್ರ ಆಕಿಗೆ ಕೊಡ್ರಿ,” ಎಂದು ಅಮೀನಪ್ಪ ಹೆಂಡತಿಯ ಕಡೆ ತೋರಿಸಿದ. ಹುಲಿಗೆವ್ವ ಹಾಳೆಗಳನ್ನು ತೆಗೆದುಕೊಂಡಳು. ಅವಳು ಊರಲ್ಲಿ ನಾಲ್ಕನೆಯವರೆಗೆ ಕನ್ನಡ ಓದಿದ್ದಳು. ಇಂಗ್ಲಿಷ್ ಮಾತುಗಳನ್ನು ಮುಕಾದಮ ಹೇಳಿದಂತೆ ಕನ್ನಡ ಅಕ್ಷರದಲ್ಲಿ ಪಕ್ಕಕ್ಕೆ ಬರೆದುಕೊಳ್ಳುತ್ತಿದ್ದಳು.

ಅಡ್ಜೆಕ್ಟಿವ್ ಸೋಮುವಿಗೆ ಹೋಯಿತು. ಅವನು ಗ್ಯಾಂಗಿನ ಹುರುಪಿನ ಗೌಂಡಿ, ಪ್ಲಾಸ್ಟರ್ ಮಾಡುವಾಗಲೂ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಳ್ಳುವವನು. ಒಂದು ವಸ್ತು ಹೇಗಿದೆ ಎಂದು ಬಣ್ಣಿಸುವ ಭಾಗವನ್ನು ಬೇರೆ ಯಾರಿಗೆ ಕೊಡುವುದು? ಅಟ್ಟಣಿಗೆಯ ಬಿದಿರು ಕಟ್ಟಿ ಮಂಗನಂತೆ ಮೇಲೇರುವ ಹುಸೇನಸಾಬನಿಗೆ ಪ್ರಿಪೊಸಿಷನ್. ಒಳಗೆ, ಹೊರಗೆ, ಮೇಲೆ, ಕೆಳಗೆ ಎಂದರೆ ಅವನ ದಿನಚರಿಯೇ ಆಗಿತ್ತು. ಇಂಟರ್ಜೆಕ್ಷನ್ ಅಂದರೆ ಅರಿವಿಲ್ಲದೆ ಬಾಯಿಂದ ಬೀಳುವ ಕೂಗು ಎಂದು ಮುಕಾದಮ ಹೇಳಿ ಮುಗಿಸುವ ಮೊದಲೇ ಎಲ್ಲರೂ ಲಂಬಾಣಿ ತಾಂಡಾದ ಕೇಸರಿಬಾಯಿಯ ಕಡೆ ತಿರುಗಿದ್ದರು.

“ಅಯ್ಯ ನನ್ನಪ್ಪಾ! ನನಗ್ಯಾಕ?” ಎಂದು ಅವಳು ಕೂಗಿದಳು.

“ನೋಡ್ರಿ, ಅರ್ಧಾ ಕಲತ ಬಿಟ್ಲು,” ಎಂದ ಮೈಬೂಬಸಾಬ.

ಉಳಿದವು ಮೂರು. ಪ್ರೊನೌನ್, ಅಡ್‌ವರ್ಬ್, ಕಂಜಂಕ್ಷನ್. ಅವನ್ನು ಕಬ್ಬಿಣ ಕಟ್ಟುವ ಮೂವರು ಅಣ್ಣತಮ್ಮಂದಿರಿಗೆ ಕೊಟ್ಟರು. ಅವರು ಒಂದೇ ಬಸ್ಸಿನಲ್ಲಿ ಬಂದು, ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಸಲಕ್ಕೆ ಮಾತಾಡುವವರು. ಯಾವುದು ಯಾರದೆಂದು ಕಡೆಯವರೆಗೂ ಯಾರಿಗೂ ಗೊತ್ತಾಗಲಿಲ್ಲ, ಅವರಿಗೂ.

“ಮತ್ತ ನಿಮ್ದ್ಯಾವುದು ಕಾಕಾ?” ಸೋಮು ಕೇಳಿದ.

“ನಾ ಮುಕಾದಮ,” ಎಂದ ಮೈಬೂಬಸಾಬ, ಅದೇ ಒಂದು ಭಾಗ ಎಂಬಂತೆ.

ಮುಂದಿನ ನಾಲ್ಕು ದಿನ ಆ ಕಟ್ಟಡ ನೋಡುವಂತಿತ್ತು. ಅಮೀನಪ್ಪ ಕಂಡದ್ದಕ್ಕೆಲ್ಲ ಹೆಸರಿಟ್ಟು ಬೆರಳು ಮಾಡಿದ. “ಬ್ರಿಕ್, ನೌನ್. ಬಕೆಟ್, ನೌನ್. ಹುಲಿಗೆವ್ವ, ನೌನ್.” ಸೋಮು ಉಸುಕನ್ನು ‘ಬ್ಯೂಟಿಫುಲ್ ಉಸುಕು’ ಎಂದ, ಚಹಾವನ್ನು ‘ಡರ್ಟಿ ಚಹಾ’ ಎಂದ. ಎರಡನೆಯದಕ್ಕೆ ಚಹಾದವನು ಜಗಳಕ್ಕೆ ಬಂದ. ಕೇಸರಿಬಾಯಿ ಬುಟ್ಟಿ ಹೊತ್ತು ಒಂದೊಂದು ಮೆಟ್ಟಿಲಿಗೂ ಒಂದೊಂದು ಮಾತು ಬಾಯಿಪಾಠ ಮಾಡುತ್ತ ಹೋದಳು. ಮೂರನೇ ಮಾಳಿಗೆಗೆ ಬರುವಷ್ಟರಲ್ಲಿ ಅವಳ “ಅಲಾಸ್!” ಎಷ್ಟು ಜೋರಾಗಿರುತ್ತಿತ್ತೆಂದರೆ ಕಟ್ಟಡದ ಕಾವಲುಗಾರ ಯಾರೋ ಬಿದ್ದರೆಂದು ದಿನಕ್ಕೆ ನಾಲ್ಕು ಸಲ ಓಡಿ ಬರುತ್ತಿದ್ದ.

ಬುಧವಾರ ಹತ್ತಕ್ಕೆ ಎಂಟೂ ಮಂದಿ ಶಾಲೆಯ ಮುಂದೆ ನಿಂತಿದ್ದರು. ಎಲ್ಲರೂ ಹಬ್ಬದ ಬಟ್ಟೆ ಹಾಕಿದ್ದರು. ನಂದಾಳ ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಅವಳನ್ನು ಒಬ್ಬ ಟೀಚರು ಬಂದು ಬೇರೆ ಕೋಣೆಗೆ ಕರೆದುಕೊಂಡು ಹೋದರು. ಲೆಕ್ಕ ಮಾಡಿಸಿದರು, ಚಿತ್ರ ಬರೆಸಿದರು, ಹುಡುಗಿ ಚುರುಕಾಗಿದ್ದಾಳೆ ಎಂದು ಬರೆದರು. ಅಲ್ಲಿಗೆ ನಂದಾಳ ಕೆಲಸ ಮುಗಿಯಿತು.

ಹೆಡ್‌ಮಿಸ್ಟ್ರೆಸ್ ಯಮುನಾಬಾಯಿಯವರು ಕಾರವಾರದ ಕಡೆಯವರು. ಕನ್ನಡ ಬಲ್ಲವರು ಎಂದು ಗೊತ್ತಾದ ಕೂಡಲೇ ಅಮೀನಪ್ಪನಿಗೆ ಅರ್ಧ ಗೆದ್ದಂತಾಯಿತು. ಗಂಡ ಹೆಂಡತಿ ಇಬ್ಬರೂ ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತರು. ಉಳಿದ ಆರು ಮಂದಿ ವರಾಂಡದಲ್ಲಿ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು.

“ನೌನ್ ಅಂದರೆ ಎಂತ?” ಯಮುನಾಬಾಯಿ ಕೇಳಿದರು.

ಅಮೀನಪ್ಪ ಎದ್ದು ನಿಂತು ಹೇಳಿದ. ಹೇಳಿ ನಿಲ್ಲಿಸಲಿಲ್ಲ. ಟೇಬಲ್, ಚೇರ್, ಫ್ಯಾನ್, ಬೆಲ್, ಮೇಡಂ ಎಂದು ಕೋಣೆಯನ್ನೆಲ್ಲ ಮುಗಿಸಿ ಕಿಟಕಿಯಾಚೆಯ ತೆಂಗಿನ ಮರಕ್ಕೆ ಬಂದ.

“ಸಾಕು, ಸಾಕು. ಭಾರೀ ಲಾಯ್ಕಾಯ್ತು. ಪ್ರೊನೌನ್?”

“ತಡೀರಿ ಮೇಡಂ.” ಅಮೀನಪ್ಪ ಬಾಗಿಲಿಗೆ ಹೋಗಿ ಕೂಗಿದ. “ಏ, ಪ್ರೊನೌನ್ ಯಾರ ಹತ್ರ ಐತ್ರೊ? ಒಳಗ ಬರ್ರಿ!”

ಮೂವರು ಅಣ್ಣತಮ್ಮಂದಿರೂ ಒಳಗೆ ಬಂದು, “ಹೀ, ಶಿ, ಇಟ್, ದೇ!” ಎಂದು ಒಂದೇ ಉಸಿರಿಗೆ ಹೇಳಿ, ಕೈಮುಗಿದು, ಹೊರಗೆ ಹೋದರು.

ಯಮುನಾಬಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಇವರು ಯಾರು?”

“ನಮ್ಮವ್ರ ರಿ. ಮುಂದಿಂದು ಕೇಳ್ರಿ.”

“ಅಡ್‌ವರ್ಬ್?”

“ಅದೂ ಅವ್ರ ರಿ.” ಅಮೀನಪ್ಪ ಮತ್ತೆ ಬಾಗಿಲಿಗೆ ಹೋದ. ಮೂವರೂ ಮತ್ತೆ ಬಂದರು, “ಸ್ಲೋಲಿ, ಕ್ವಿಕ್ಲಿ!” ಎಂದರು. ಕಂಜಂಕ್ಷನ್ ಕೇಳುತ್ತಾರೆಯೋ ಏನೋ ಎಂದು ಈ ಸಲ ಬಾಗಿಲಲ್ಲೇ ನಿಂತರು.

“ವರ್ಬ್? ಅದಕ್ಕೆ ಯಾರನ್ನು ಕರೆಯುತ್ತೀರಿ?”

“ನಾನ ರಿ,” ಎಂದಳು ಹುಲಿಗೆವ್ವ. ಕಣ್ಣು ಮುಚ್ಚಿ ಬೆಳಗಿನಿಂದ ಶುರು ಮಾಡಿದಳು. “ವೇಕ್, ಸ್ವೀಪ್, ಕುಕ್, ವಾಶ್, ವಾಕ್, ಕ್ಯಾರಿ, ಕ್ಯಾರಿ, ಕ್ಯಾರಿ...”

“ಕ್ಯಾರಿ ಮೂರು ಸಲ ಹೇಳಿದಿರಲ್ಲ?”

“ಮೂರನೇ ಮಾಳಗಿ ತನಕ ಹೊರಬೇಕಲ್ರಿ.”

ಯಮುನಾಬಾಯಿ, “ಪ್ರಿಪೊಸಿಷನ್?” ಎಂದರು. ಹುಸೇನಸಾಬ ಕರೆಯುವ ಮೊದಲೇ ಕಿಟಕಿಯಿಂದ ಒಳಗೆ ಬಂದಿದ್ದ. “ಇನ್!” ಎಂದ. ಮೇಜನ್ನು ಕೈಯಿಂದ ತಟ್ಟಿ “ಆನ್!” ಎಂದ. ಆಮೇಲೆ “ಅಂಡರ್!” ಎನ್ನುತ್ತ ಮೇಜಿನ ಕೆಳಗೆ ನುಗ್ಗಿದ. ನುಗ್ಗಿದವನು ಹೊರಗೆ ಬರಲಿಲ್ಲ. ಅವನ ಹಬ್ಬದ ಅಂಗಿ ಎಲ್ಲೋ ಮೊಳೆಗೆ ಸಿಕ್ಕಿಕೊಂಡಿತ್ತು. ಮೇಜು ಅತ್ತಿತ್ತ ಅಲುಗಿತು, ಹಾಜರಿ ಪುಸ್ತಕಗಳು ಬಿದ್ದವು, ಹೊರಗಿನಿಂದ ಇಣುಕುತ್ತಿದ್ದ ಕೇಸರಿಬಾಯಿ ತನ್ನ ಸರದಿ ಬಂತೆಂದು ತಿಳಿದು “ಅಲಾಸ್!” ಎಂದು ಕೂಗಿದಳು. ಮೇಜನ್ನು ಎತ್ತಲು ಮೂವರು ಅಣ್ಣತಮ್ಮಂದಿರು ಓಡಿ ಬಂದರು. ಸೋಮು ಕೂಡ ಬಂದ. ಹೆಡ್‌ಮಿಸ್ಟ್ರೆಸ್ ಅವರನ್ನು ನೋಡಿ, ಏನಾದರೂ ಹೇಳಬೇಕಲ್ಲ ಎಂದು, “ಗುಡ್, ಬ್ಯೂಟಿಫುಲ್, ಫ್ಯಾಟ್,” ಎಂದ.

ಹುಸೇನಸಾಬ ಅಂಗಿ ಹರಿದುಕೊಂಡು ಹೊರಗೆ ಬಂದು ಎಲ್ಲ ಶಾಂತವಾದ ಮೇಲೆ ಯಮುನಾಬಾಯಿ ಎಂಟೂ ಮಂದಿಯನ್ನು ಮುಂದೆ ನಿಲ್ಲಿಸಿಕೊಂಡರು.

“ಈಗ ನನಗೆ ಅರ್ಥವಾಯಿತು. ಎಂಟು ಭಾಗ, ಎಂಟು ಜನ. ಹೌದಲ್ಲ?”

“ಹೌದ್ರಿ!” ಎಂದರು ಎಲ್ಲರೂ. ಮೇಡಂ ಇಷ್ಟು ಬೇಗ ತಿಳಿದುಕೊಂಡದ್ದು ಅವರಿಗೆ ಖುಷಿಯಾಯಿತು.

“ಈ ಹುಡುಗಿ ಸಂಜೆ ಪುಸ್ತಕ ಬಿಚ್ಚಿ ಕೂತಾಗ ಒಂದು ಸಾಲು ಓದುವುದಕ್ಕೆ ಎಂಟು ಮನೆಯ ಬಾಗಿಲು ಬಡಿಯಬೇಕಾ ಮಾರಾಯ್ರೇ? ಒಂದು ಸಾಲಿನಲ್ಲಿ ಎಲ್ಲವೂ ಒಟ್ಟಿಗೆ ಬರುತ್ತವೆ. ನೌನ್ ಇವತ್ತು ಫೋಂಡಾಕ್ಕೆ ಕೆಲಸಕ್ಕೆ ಹೋಗಿದೆ ಎಂದರೆ ಸಾಲು ಕಾಯುತ್ತದಾ?”

ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ, “ಹಿಂಗ ಅನ್ನೂದು ನಮಗ ಹೊಳೀಲೇ ಇಲ್ಲ ನೋಡ್ರಿ,” ಎಂದ.

“ಮುಂದಿನ ಬುಧವಾರ ಹನ್ನೆರಡು ಗಂಟೆ. ತಂದೆ ಅಥವಾ ತಾಯಿ, ಒಬ್ಬರೇ ಬರಬೇಕು. ಎಂಟೂ ಗೊತ್ತಿರಬೇಕು. ಅಲ್ಲಿಯವರೆಗೆ ಸೀಟು ಇಟ್ಟಿರುತ್ತೇನೆ. ಆಮೇಲೆ ಬೇರೆ ಮಗುವಿಗೆ ಕೊಡುತ್ತೇನೆ.”

ದಾರಿಯಲ್ಲಿ ಅಮೀನಪ್ಪ, “ಸೋಮವಾರ ಸ್ಲ್ಯಾಬ್ ಐತಿ,” ಎಂದ. “ನನಗ ನೌನ್ ಒಂದ ತಲಿ ತುಂಬೈತಿ. ಅದರ ಮ್ಯಾಲ ಏಳು ಹಾಕಿದ್ರ ಇದೂ ಹೊರಗ ಬೀಳತೈತಿ. ಅವ್ವಗ ಫೋನ್ ಮಾಡೂಣು.”

“ಮಾಡಬ್ಯಾಡ್ರಿ,” ಎಂದಳು ಹುಲಿಗೆವ್ವ. “ನಾ ಕಲೀತೀನಿ.”

“ಎಂಟೂ?”

“ಏಳು. ವರ್ಬ್ ಐತಲ್ಲ.”

ಅವತ್ತಿನಿಂದ ಅವಳಿಗೆ ಏಳು ಮಂದಿ ಮೇಷ್ಟ್ರಾದರು. ಒಬ್ಬೊಬ್ಬರಿಗೂ ತಮ್ಮ ಭಾಗವೇ ಇಂಗ್ಲಿಷಿನ ತಾಯಿಬೇರು ಎಂದು ಗ್ಯಾರಂಟಿ ಇತ್ತು. “ವೈನಿ, ಅಡ್ಜೆಕ್ಟಿವ್ ಇಲ್ಲಂದ್ರ ಎಲ್ಲಾ ಬೋಳು ಬೋಳು,” ಎಂದು ಸೋಮು ಪ್ಲಾಸ್ಟರಿನ ಕರಣಿ ಆಡಿಸುತ್ತ ಹೇಳಿದ. ಹುಸೇನಸಾಬ ಮೇಲಿನ ಬಿದಿರಿನಿಂದ ತಲೆ ಕೆಳಗೆ ಮಾಡಿ ಪಾಠ ಹೇಳಿದ. ಹುಲಿಗೆವ್ವ ಹಿಟ್ಟು ನಾದುವಾಗ ಕೇಸರಿಬಾಯಿ ಬಂದು ಪಕ್ಕದಲ್ಲೇ “ಹುರ್ರೇ!” ಎಂದು ಕೂಗಿ ಹಿಟ್ಟಿಗೆ ನೀರು ಹೆಚ್ಚಾಗುವಂತೆ ಮಾಡಿದಳು. ಹುಲಿಗೆವ್ವ ಬುಟ್ಟಿ ಹೊರುತ್ತ, ರೊಟ್ಟಿ ಬಡಿಯುತ್ತ, ನಳದ ಮುಂದೆ ಸಾಲಿನಲ್ಲಿ ನಿಲ್ಲುತ್ತ ಕಲಿತಳು. ನಂದಾ ಪಕ್ಕದಲ್ಲಿ ಕೂತು ಹಾಳೆ ಹಿಡಿದು ಒಪ್ಪಿಸಿಕೊಂಡಳು.

ಶನಿವಾರದವರೆಗೆ ಎಲ್ಲ ಚಲೋ ನಡೆಯಿತು. ಶನಿವಾರ ಸಂಜೆ ಗಂಡ ಹೆಂಡತಿಗೆ ಜಗಳವಾಯಿತು.

“ವಾಟರ್. ನೌನ್,” ಎಂದು ಅಮೀನಪ್ಪ ಬಿಂದಿಗೆ ತೋರಿಸಿದ.

“ವಾಟರ್ ನನ್ನ ಹಾಳ್ಯಾಗೂ ಐತ್ರಿ,” ಎಂದಳು ಹುಲಿಗೆವ್ವ.

“ನಿನ್ನ ಹಾಳ್ಯಾಗ ಹೆಂಗ ಬರತೈತಿ?”

“ಇಲ್ಲಿ ನೋಡ್ರಿ. ವಾಟರ್ ದ ಪ್ಲಾಂಟ್ಸ್. ಗಿಡಕ್ಕ ನೀರು ಹಾಕು ಅಂತ. ವರ್ಬ್ ಅಂತ ಕೆಳಗ ಗೆರಿ ಹೊಡದಾರ.”

“ನನ್ನ ಸಾಮಾನು ಕದ್ದಿ ಏನ?”

“ನಾ ಯಾಕ ಕದೀಲಿ? ಅಚ್ಚ ಹಾಕಿದವ್ರನ್ನ ಕೇಳ್ರಿ.”

“ಒಂದು ವಾರದಿಂದ ನೀರು ನಂದು ಅಂತ ಎಲ್ಲಾರ ಮುಂದ ಹೇಳೀನಿ. ಈಗ ಬಿಟ್ಟ ಕೊಡು ಅಂದ್ರ?”

ಸದ್ದಿಗೆ ಗ್ಯಾಂಗೆಲ್ಲ ಬಂದು ಬಾಗಿಲಲ್ಲಿ ಸೇರಿತು. ಊರಲ್ಲಿ ಹೊಲದ ಬದುವಿಗೆ ಪಂಚಾಯ್ತಿ ಕೂಡುವಂತೆ ಕೂಡಿತು. ಮೈಬೂಬಸಾಬ ಎರಡೂ ಹಾಳೆ ತರಿಸಿ ನೋಡಿದ. ಎರಡರಲ್ಲೂ ವಾಟರ್ ಇತ್ತು. ಕಡೆಗೆ ಅವನು ನ್ಯಾಯ ಹೇಳಿದ.

“ಸೋಮವಾರ, ಬುಧವಾರ, ಶುಕ್ರವಾರ ಅದು ನೌನ್. ಮಂಗಳವಾರ, ಗುರುವಾರ, ಶನಿವಾರ ವರ್ಬ್. ಐತವಾರ ಸೂಟಿ.”

“ಮೇಡಂ ಕೇಳೂದು ಬುಧವಾರ,” ಎಂದು ಅಮೀನಪ್ಪ ಗೆದ್ದವನಂತೆ ಎದ್ದು ಹೋದ. ಹುಲಿಗೆವ್ವನಿಗೆ ನ್ಯಾಯ ಒಪ್ಪಿಗೆಯಾಗಲಿಲ್ಲ. ಒಂದು ಮಾತಿಗೆ ಇಬ್ಬರು ಒಡೆಯರು ಹೇಗೆ? ನಾಳೆ ಮೇಡಂ ಇಂಥದನ್ನೇ ಕೇಳಿದರೆ? ಒಂದು ಮಾತು ತಪ್ಪಿದರೆ ಮಗಳು ಊರಿಗೆ ಹೋಗುವ ಬಸ್ಸು ಹತ್ತಬೇಕು. ಐತವಾರವೆಲ್ಲ ಅವಳು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ಸ್ಲ್ಯಾಬ್ ಶುರುವಾಯಿತು. ಒಮ್ಮೆ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಬಿದಿರಿನ ಕೆಲಸ ಇರಲಿಲ್ಲವಾದ್ದರಿಂದ ಹುಸೇನಸಾಬ ಕಾಂಕ್ರೀಟು ಕಲಸುವ ಮಷೀನಿಗೆ ಖಡಿ, ಅಂದರೆ ಜಲ್ಲಿಕಲ್ಲು, ಸುರಿಯುತ್ತಿದ್ದ. ಕಬ್ಬಿಣ ಕಟ್ಟುವ ಅಣ್ಣತಮ್ಮಂದಿರು ಬುಟ್ಟಿ ಹೊರುತ್ತಿದ್ದರು. ಸೋಮು ಬಾಚಣಿಗೆ ಒಳಗಿಟ್ಟು ಹಲಗೆಯಿಂದ ಸಮ ಮಾಡುತ್ತಿದ್ದ. ಮುಕಾದಮ ಸ್ವತಃ ನೀರಿನ ಪೈಪು ಹಿಡಿದಿದ್ದ. ಹುಲಿಗೆವ್ವ ಇಪ್ಪತ್ತೋ ಮೂವತ್ತೋ ಬುಟ್ಟಿ ಹೊತ್ತ ಮೇಲೆ ಇದ್ದಕ್ಕಿದ್ದಂತೆ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಹಿಂದಿನಿಂದ ಬರುತ್ತಿದ್ದ ಕೇಸರಿಬಾಯಿ ಅವಳಿಗೆ ಡಿಕ್ಕಿ ಹೊಡೆದು, ಕಲಿತದ್ದೆಲ್ಲ ಮರೆತು, ತನ್ನ ತಾಂಡಾದ ಮಾತಲ್ಲೇ ಬೈದಳು.

ಹುಲಿಗೆವ್ವ ಮೇಲೆ ಹೋಗಿ ಗಂಡನ ಮುಂದೆ ಬುಟ್ಟಿ ಸುರಿದು ಹೇಳಿದಳು. “ಹುಸೇನಣ್ಣ ಯಾರು?”

“ಬಿದಿರು ಕಟ್ಟಾಂವ.”

“ಇವತ್ತ ಏನ್ ಮಾಡಾಕತ್ತಾನ?”

“ಮಷೀನಿಗೆ ಖಡಿ ಹಾಕಾಕತ್ತಾನ. ಯಾಕ, ಏನಾತು?”

“ಮನಷಾ ಅವನ. ಇವತ್ತಿನ ಕೆಲಸಾ ಬ್ಯಾರೆ. ವಾಟರ್‌ನೂ ಹಂಗ ರಿ. ಬಿಂದಿಗ್ಯಾಗ ಕುಂತಾಗ ನಿಮ್ಮ ಗ್ಯಾಂಗು, ಗಿಡಕ್ಕ ಬಿದ್ದಾಗ ನನ್ನ ಗ್ಯಾಂಗು. ಆ ಸಾಲಿನ್ಯಾಗ ಏನ್ ಮಾಡಾಕತ್ತೈತಿ ಅದನ್ನ ನೋಡಬೇಕು. ಹೆಸರ ನೋಡಿ ಹೇಳಾಕ ಬರಂಗಿಲ್ಲ.”

ಅಮೀನಪ್ಪ ಪಾದ ಮುಳುಗುವಷ್ಟು ಕಾಂಕ್ರೀಟಿನಲ್ಲಿ ನಿಂತು ಯೋಚಿಸಿದ. “ಹಂಗಾದ್ರ ನನ್ನ ನೌನಿಗೆ ಕಾಯಂ ಅನ್ನೂದ ಇಲ್ಲೇನ?”

“ಇಲ್ಲಿ ಯಾರಿಗೈತ್ರಿ ಕಾಯಂ?”

ಸಂಜೆ ಮನೆಗೆ ಹೋಗಿ ಅಮೀನಪ್ಪ ನೌನಿನ ಹಾಳೆಗಳನ್ನು ಮಡಚಿ ಹೆಂಡತಿಯ ದಿಂಬಿನ ಹತ್ತಿರ ಇಟ್ಟ.

ಬುಧವಾರ ಹುಲಿಗೆವ್ವ ಒಬ್ಬಳೇ ನಂದಾಳ ಕೈ ಹಿಡಿದು ಶಾಲೆಗೆ ಹೋದಳು. ಯಮುನಾಬಾಯಿ ಮೊದಲು ಬಾಗಿಲನ್ನು ನೋಡಿದರು, ಆಮೇಲೆ ಕಿಟಕಿಯನ್ನು, ಕಡೆಗೆ ಮೇಜಿನ ಕೆಳಗೂ ಬಗ್ಗಿ ನೋಡಿದರು.

“ಯಾರೂ ಇಲ್ರಿ ಮೇಡಂ. ಆಣಿ ಮಾಡಿ ಹೇಳ್ತೀನಿ.”

“ಸರಿ. ನಾನು ಒಂದು ಸಾಲು ಓದುತ್ತೇನೆ. ಒಂದೊಂದು ಮಾತೂ ಯಾವ ಭಾಗ ಅಂತ ಹೇಳಿ.” ಅವರು ನಿಧಾನವಾಗಿ ಓದಿದರು. “ಓ! ಶಿ ಅಂಡ್ ದ ಓಲ್ಡ್ ಮ್ಯಾನ್ ಸ್ಲೋಲಿ ವಾಕ್ ಟು ಸ್ಕೂಲ್.”

ಹುಲಿಗೆವ್ವನಿಗೆ ಹಾಳೆಯಲ್ಲಿ ಬರೆದುಕೊಂಡದ್ದು ಒಂದಕ್ಷರವೂ ನೆನಪಾಗಲಿಲ್ಲ. ನಂದಾ ತನ್ನ ಬೆರಳುಗಳನ್ನು ಅವಳ ಸೆರಗಿನೊಳಗೆ ಸೇರಿಸಿ ಹಿಡಿದಿದ್ದಳು. ಹುಲಿಗೆವ್ವ ಕಣ್ಣು ಮುಚ್ಚಿದಳು. ಹಾಳೆ ಕಾಣಲಿಲ್ಲ, ಮಂದಿ ಕಂಡರು.

“ಓ ಅಂದ್ರ ಕೇಸರಿಬಾಯಿ ರಿ. ಇಂಟರ್ಜೆಕ್ಷನ್. ಶಿ ಅಂದ್ರ ಹೆಸರ ಹೇಳೂ ಬದಲಿ ಬಂದಾಕಿ, ಪ್ರೊನೌನ್. ಅಂಡ್, ಎರಡು ಕಬ್ಬಿಣಾ ಕೂಡಿಸಿ ತಂತಿ ಬಿಗೀತಾರಲ್ರಿ, ಆ ತಂತಿ. ಕಂಜಂಕ್ಷನ್. ದ...”

ಅಲ್ಲಿ ನಿಂತಳು. ಕಣ್ಣು ಬಿಟ್ಟಳು.

“ಹೇಳಿ,” ಎಂದರು ಯಮುನಾಬಾಯಿ.

“ಅದನ್ನ ಆಮ್ಯಾಲ ಹೇಳ್ತೀನ್ರಿ. ಓಲ್ಡ್, ಮುದುಕ ಹೆಂಗದಾನ ಅಂತ ಹೇಳೂದು, ನಮ್ಮ ಸೋಮುಂದು, ಅಡ್ಜೆಕ್ಟಿವ್. ಮ್ಯಾನ್, ಈಕಿ ಅಪ್ಪಂದು, ನೌನ್. ಸ್ಲೋಲಿ, ಹೆಂಗ ನಡೀತಾರ ಅಂತ ಹೇಳತೈತಿ, ಅಡ್‌ವರ್ಬ್. ವಾಕ್ ನಂದು. ಟು ಹುಸೇನಣ್ಣಂದು, ಎಲ್ಲಿಗೆ ಅಂತ ದಾರಿ ತೋರಸತೈತಿ, ಪ್ರಿಪೊಸಿಷನ್. ಸ್ಕೂಲ್ ನೌನ್.”

“ವಾಕ್ ಯಾವಾಗಲೂ ನಿಮ್ಮದೇನಾ?”

“ಇಲ್ರಿ. ಈ ಸಾಲಿನ್ಯಾಗ ನಂದು. ‘ಒಂದು ವಾಕ್ ಹೋಗಿ ಬಂದೆ’ ಅಂದ್ರ ಈಕಿ ಅಪ್ಪನ ಕಡಿ ಹೋಗತೈತಿ.”

ಯಮುನಾಬಾಯಿ ಪೆನ್ನು ಕೆಳಗಿಟ್ಟರು. “ಮತ್ತೆ ಆ ‘ದ’?”

ಹುಲಿಗೆವ್ವ ನಿಟ್ಟುಸಿರು ಬಿಟ್ಟಳು. ಏನಾದರೂ ಒಂದು ಹೇಳಿಬಿಡಬಹುದಿತ್ತು. ಎಂಟರಲ್ಲಿ ಒಂದು ಸರಿಯಾಗಲೂಬಹುದಿತ್ತು. “ಮೇಡಂ, ಅದು ನಮ್ಮ ಗ್ಯಾಂಗಿಂದಲ್ರಿ. ಎಲ್ಲಾ ಸಾಲಿನ್ಯಾಗೂ ಬಂದು ನಿಂತಿರತೈತಿ, ಬುಟ್ಟಿ ಹೊರಂಗಿಲ್ಲ, ಇಟ್ಟಂಗಿ ಇಡಂಗಿಲ್ಲ. ಯಾರ ಕಡಿಯಿಂದ ಬಂದೈತಿ ಅಂತ ಏಳೂ ಮಂದೀನ ಕೇಳೀನಿ. ನಮ್ಮದಲ್ಲ ಅಂದ್ರು. ನಮ್ಮ ಪುಸ್ತಕದ್ದು ಮೊದಲಿನ ಹಾಳಿ ಇರಲಿಲ್ರಿ. ನನಗ ಗೊತ್ತಿಲ್ಲ.”

ಯಮುನಾಬಾಯಿಯವರ ಹೊಟ್ಟೆ ಅಲುಗತೊಡಗಿತು. ಅವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು, ಆದರೂ ನಗು ಕಣ್ಣಿನಿಂದ ನೀರಾಗಿ ಇಳಿಯಿತು.

“ಮೂವತ್ತು ವರ್ಷದಲ್ಲಿ ಅದನ್ನು ಕೆಲಸಗಳ್ಳ ಅಂದವರು ನೀವೊಬ್ಬರೇ ಮಾರಾಯ್ತಿ,” ಎಂದು ಅವರು ಫಾರ್ಮನ್ನು ಹತ್ತಿರಕ್ಕೆ ಎಳೆದುಕೊಂಡರು. “ಅದು ಈ ವರ್ಷದ ಪಾಠದಲ್ಲಿ ಬರುತ್ತದೆ. ಇವಳು ಇಲ್ಲಿ ಕಲಿತು ನಿಮಗೆ ಮನೆಯಲ್ಲಿ ಹೇಳಲಿ. ಇಲ್ಲಿ ಸಹಿ ಹಾಕಿ.”

ಹುಲಿಗೆವ್ವ ಸಹಿ ಹಾಕಿದಳು. ಕನ್ನಡದಲ್ಲಿ, ದೊಡ್ಡದಾಗಿ, ಫಾರ್ಮಿನ ಚೌಕದ ಗೆರೆ ದಾಟಿ.

ಗೇಟಿನ ಹೊರಗೆ ಊಟದ ಸೂಟಿಯಲ್ಲಿ ಗ್ಯಾಂಗೆಲ್ಲ ಬಂದು ಗೋಡಂಬಿ ಮರದ ಕೆಳಗೆ ನಿಂತಿತ್ತು. ಮೈಗೆಲ್ಲ ಸಿಮೆಂಟು. ಅವಳನ್ನು ಕಂಡ ಕೂಡಲೇ ಎಲ್ಲರೂ ಸುತ್ತುವರಿದರು.

“ವೈನಿ, ನಂದು ಬಂತೇನು?” ಸೋಮು ಕೇಳಿದ.

“ಬಂತು. ಓಲ್ಡ್.”

“ಓಲ್ಡಾ? ಬ್ಯೂಟಿಫುಲ್ ಬಿಟ್ಟು ಓಲ್ಡ್ ಕೇಳಿದ್ರಾ?”

“ನಂದು?” ಎಂದ ಹುಸೇನಸಾಬ.

“ಟು.”

“ಬರೇ ಟು? ಅಂಗಿ ಹರಕೊಂಡಾಂವ ನಾನು, ನನಗ ಅಷ್ಟ ಸಣ್ಣದು?”

“ನಮ್ಮವು?” ಎಂದರು ಮೂವರು ಅಣ್ಣತಮ್ಮಂದಿರು.

“ಮೂರೂ ಬಂದ್ವು.”

ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಮೀನಪ್ಪ ಮಾತ್ರ ಹತ್ತಿರ ಬಂದಿರಲಿಲ್ಲ. ಅವನು ಮರದ ಆಚೆ ಬದಿಗೆ ನಿಂತು, ಮುಕಾದಮನಿಂದ ಇಸಿದುಕೊಂಡ ಫೋನನ್ನು ಕೈಯಲ್ಲಿ ತಿರುಗಿಸುತ್ತಿದ್ದ. ನೌನ್ ಬಂತೋ ಇಲ್ಲವೋ ಎಂದು ಅವನು ಕೇಳಲೇ ಇಲ್ಲ.

“ಊರಿಗೆ ಫೋನ್ ಮಾಡಬೇಕೇನು?” ಎಂದ, ನೆಲ ನೋಡುತ್ತ.

“ಮಾಡ್ರಿ,” ಎಂದಳು ಹುಲಿಗೆವ್ವ. “ನಂದಾ ಬರಂಗಿಲ್ಲ ಅಂತ ಹೇಳ್ರಿ.”

ಕೇಸರಿಬಾಯಿಯ ಬಾಯಿಂದ ಬಂದ ಕೂಗು ಯಾವ ಹಾಳೆಯಲ್ಲೂ ಇರಲಿಲ್ಲ. ಗೇಟಿನ ಮುಂದೆ ಮೀನು ಮಾರುತ್ತಿದ್ದವಳು ಬುಟ್ಟಿ ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಅಮೀನಪ್ಪ ಮಗಳ ರಿಬ್ಬನ್ ಸರಿಮಾಡುವ ನೆವದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ಫೋನ್ ಹಚ್ಚಿ, ಜೀವಮಾನದಲ್ಲಿ ಮೊದಲ ಸಲ ತಾಯಿಗೆ “ಇಲ್ಲ ಯವ್ವಾ” ಎಂದ.

ಸೈಟಿಗೆ ಹೋಗುವ ದಾರಿಯಲ್ಲಿ ಹುಲಿಗೆವ್ವ ಎಲ್ಲವನ್ನೂ ಹೇಳಿದಳು, ಕಡೆಗೆ ಆ ‘ದ’ ವಿಷಯವನ್ನೂ ಹೇಳಿದಳು. ಮೈಬೂಬಸಾಬ ನಿಂತುಬಿಟ್ಟ.

“ಅಂದ್ರ ಒಂದು ಉಳದೈತಿ?”

“ಉಳದೈತ್ರಿ.”

“ಒಂದು ಸೈಟಿನ್ಯಾಗ ಕೆಲಸಾ ಉಳಸಿ ನಾ ಹೊರಗ ಬಂದಾಂವ ಅಲ್ಲ. ಯಾರಿಗೆ ಕೊಡೂಣು?”

“ನನಗ ಕೊಡ್ರಿ, ಸಣ್ಣದೈತಿ,” ಎಂದ ಸೋಮು. “ನಿನಗ ಒಂದೈತಲ್ಲಲೇ,” ಎಂದ ಹುಸೇನಸಾಬ, “ನನಗ ಟು ಸಾಲಲಿಲ್ಲ, ಇದು ನನಗ ಬರಬೇಕು.” ಅಣ್ಣತಮ್ಮಂದಿರು ತಾವು ಮೂವರಿದ್ದೇವೆ, ನಮಗೆ ಹೆಚ್ಚು ಬೇಕು ಎಂದರು. ರಸ್ತೆಯ ನಡುವೆಯೇ ಪಾಲಿನ ಜಗಳ ಶುರುವಾಯಿತು. ಹಿಂದಿನಿಂದ ಬಂದ ವಾಸ್ಕೋ ಬಸ್ಸು ಹಾರ್ನ್ ಹೊಡೆದು ಹೊಡೆದು ಸಾಕಾಗಿ ನಿಂತುಕೊಂಡಿತು.

“ಅದು ನಂದು,” ಎಂದಳು ನಂದಾ.

ಎಲ್ಲರೂ ತಿರುಗಿ ನೋಡಿದರು.

“ನಿಮಗ ಎಲ್ಲಾರಿಗೂ ಒಂದೊಂದು ಕೊಟ್ರು. ನನಗ ಯಾರೂ ಏನೂ ಕೊಡಲಿಲ್ಲ. ಅದು ನಂದು. ಸಾಲಿಗೆ ನಾ ಹೋಗಾಕಿ.”

ಮೈಬೂಬಸಾಬ ಬೀಡಿಯನ್ನು ಬಾಯಿಂದ ತೆಗೆದ. ಗ್ಯಾಂಗಿನ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದ.

“ಬರಕೋರಿ,” ಎಂದ. “‘ದ’ ನಂದಾಂದು. ಈಗ ನಡೀರಿ, ಸ್ಲ್ಯಾಬಿಗೆ ನೀರು ಹೊಡೀಬೇಕು.”